ಓಡುವಾಗ ಉರಿದರೆ

ಬನಿನ್ಯಾಂಗ್ ಏರಿನ ಅರ್ಧದಲ್ಲಿ ಅದು ಕಣ್ಣು ಬಿಟ್ಟಿತು,
ಕಡಲೆಕಾಳಿನಷ್ಟು ಕೆಂಪು.
ಬದಿಗಿಳಿಸಿ ಎಂಜಿನ್ ಆರಿಸಿದೆ.
ಗಾಜಿನ ಮೇಲೆ ನನ್ನದೇ ಉಸಿರು.
ಜುಲೈ ಅಂದರೆ ಇಲ್ಲಿ ಕಡುಚಳಿ,
ಇಪ್ಪತ್ತಮೂರು ವರ್ಷವಾದರೂ ಮೈ ಒಪ್ಪಿಲ್ಲ.

ಅರವತ್ತನಾಲ್ಕರ ಹೋಲ್ಡನ್. ನನಗಿಂತ ಎರಡು ವರ್ಷ ದೊಡ್ಡದು.
ಬ್ಯಾಲರಟ್ ಆಸ್ಪತ್ರೆಯ ಲಾಂಡ್ರಿಯಲ್ಲಿ
ಹಾಸು ಮಡಿಸಿ ಮಡಿಸಿ ಕೂಡಿಟ್ಟ ದುಡ್ಡಿನದು.
ಹೆಸರಿಟ್ಟಿಲ್ಲ. ಹೆಸರಿಟ್ಟರೆ
ಬೈಯಲು ಬಾಯಿ ಬರುವುದಿಲ್ಲ.

ಐದು ನಿಮಿಷ ಬಿಟ್ಟು ಚಾಲೂ ಮಾಡಿದರೆ
ದೀಪ ಆರಿತು, ಏನೂ ನಡೆದೇ ಇಲ್ಲವೆಂಬಂತೆ.

ಸ್ವಿಚ್ಚು ಕೆಟ್ಟಿರತ್ತೆ ಅಂದ ಅಂಗಡಿಯ ಹುಡುಗ.
ಹದಿನಾಲ್ಕು ಡಾಲರು. ಬದಲಿಸಿದೆ.
ಹಳೆಯದನ್ನು ಸುಳ್ಳ ಎಂದು ಬುಟ್ಟಿಗೆ ಎಸೆದೆ.
ಮರುದಿನ ಅದೇ ಏರು, ಅದೇ ಕಡಲೆಕಾಳು.
ಡಿಪ್‌ಸ್ಟಿಕ್ ಎಳೆದೆ, ಒರೆಸಿದೆ, ಅದ್ದಿ ಮತ್ತೆ ಎಳೆದೆ:
ಗೆರೆಯ ತನಕ ಎಣ್ಣೆ, ಜೋನಿಬೆಲ್ಲದ ಬಣ್ಣ.
ಕಡ್ಡಿ ಇದೆ ಅನ್ನುತ್ತದೆ, ದೀಪ ಇಲ್ಲ ಅನ್ನುತ್ತದೆ.

ಕ್ಲೆಮ್ ಟ್ರೆವೆನನಿಗೆ ಎಪ್ಪತ್ತೊಂಬತ್ತು.
ಅವನ ಮುತ್ತಾತ ಚಿನ್ನ ಅಗೆಯಲು ಈ ಊರಿಗೆ ಬಂದವನು,
ಸಿಕ್ಕಿದ್ದು ಬರೀ ಕೆಮ್ಮು ಅನ್ನುತ್ತಾನೆ.
ದೀಪವನ್ನು ಅವನು ನೋಡಲೇ ಇಲ್ಲ.
ಯಾವಾಗ ಉರಿಯಿತು? ಎಂದ.
ಏರುವಾಗ.
ನಿಂತಾಗ?
ಇಲ್ಲ.
ಗಡ್ಡ ಕೆರೆದುಕೊಂಡ.
ನಿಂತಾಗ ಉರಿದರೆ ಸವೆತ.
ಓಡುವಾಗ ಉರಿದರೆ ಹಸಿವು.

ರಕ್ತದ ಒತ್ತಡದ ಹಾಗಾ? ಕೇಳಿದೆ.
ಅಲ್ಲ, ಎಣ್ಣೆಯ ಒತ್ತಡದ ಹಾಗೆ.

ನಮ್ಮಪ್ಪ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್.
ಸ್ಕ್ರೂಡ್ರೈವರಿನ ತುದಿ ಯಂತ್ರಕ್ಕೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿ ನಿಲ್ಲುತ್ತಿದ್ದ.
ಒಮ್ಮೆ ನನ್ನ ಕಿವಿಗೂ ಇಟ್ಟಿದ್ದ. ನನಗೆ ಕೇಳಿದ್ದು ಬರೀ ಗದ್ದಲ.
ಇಲ್ಲೂ ಇಟ್ಟು ನೋಡಿದೆ.
ಬಡಿತವಿಲ್ಲ, ಬೇರಿಂಗು ದೂರುತ್ತಿಲ್ಲ.
ಗದ್ದಲದೊಳಗೆ ಇಲ್ಲದ್ದನ್ನು ಕೇಳಿಸಿಕೊಳ್ಳಲು
ಐವತ್ತು ವರ್ಷ ಬೇಕಾಯಿತು ನೋಡಪ್ಪ.

ಸ್ವಿಚ್ಚು ಬಿಚ್ಚಿದ ತೂತಿಗೆ ಕ್ಲೆಮ್ ಹಿತ್ತಾಳೆಯ ಮಾಪಕ ತಿರುಪಿದ.
ನಿಂತಲ್ಲಿ ಇಪ್ಪತ್ತೈದು.
ಕಾಲು ಒತ್ತಿದೆ. ನಲವತ್ತು.
ಬಿಡಬೇಡ, ಒತ್ತಿಹಿಡಿ ಅಂದ.
ಮುಳ್ಳು ಸುಮ್ಮನಿತ್ತು, ಸುಮ್ಮನಿತ್ತು,
ಆಮೇಲೆ ಮೆಟ್ಟಿಲು ಇಳಿಯುವ ಮುದುಕಿಯಂತೆ
ಮೂವತ್ತು
ಹದಿನೆಂಟು
ಆರು.
ಸಾಕು ಸಾಕು ಎಂದು ಕೈಯೆತ್ತಿದ.
ಸ್ವಿಚ್ಚು ಬೆಂಚಿನ ಮೇಲಿತ್ತು. ದೀಪಕ್ಕೆ ಆಗ ಬಾಯಿರಲಿಲ್ಲ.

ಎಂಜಿನ್ನನ್ನು ಎರಡಂಗುಲ ಎತ್ತಿ, ಸಂಪ್ ಇಳಿಸಿ,
ಟಾರ್ಚ್ ಹಿಡಿದು ಮಲಗಿ ನೋಡಿದೆವು:
ಎಣ್ಣೆ ಹೀರುವ ಜಾಲರಿಯ ಬಾಯಿ ತುಂಬಾ
ನೀಲಿ ಚೂರುಗಳು, ಪಾಚಿಯ ಹಾಗೆ.

ಅಂಟು. ಯಾರು ಹಚ್ಚಿದ್ದು?
ಹೊರಗೆ ಮ್ಯಾಗ್‌ಪೈ ಕೂಗುತ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ಕೇಳಿದೆ.
ನಾನು ಅಂದೆ.

ಬೇಸಿಗೆಯಲ್ಲಿ ವಾಲ್ವ್ ಕವರ್ ಸೋರುತ್ತಿತ್ತು.
ತೆಳ್ಳಗೆ ಒಂದು ಗೆರೆ ಸಾಕೆಂದು ಟ್ಯೂಬಿನ ಮೇಲೇ ಬರೆದಿತ್ತು.
ನಾನು ಎರಡು ಎಳೆದೆ, ಇರಲಿ ಅಂತ ಮೂರನೆಯದು,
ಕರ್ಜಿಕಾಯಿಯ ಅಂಚು ಒತ್ತುವ ಹಾಗೆ ಒತ್ತಿದೆ.
ಹೊರಗೆ ಒಂದು ಹನಿ ಸೋರಲಿಲ್ಲ.
ಕಾಂಕ್ರೀಟಿನ ಮೇಲೆ ಬಿಳಿ ಕಾಗದ ಹಾಸಿ
ವಾರವೆಲ್ಲ ಪರೀಕ್ಷೆ ಮಾಡಿ ಬೀಗಿದ್ದೆ.
ಒಳಕ್ಕೆ ಹಿಂಡಿಕೊಂಡದ್ದು ಒಣಗಿ, ಉದುರಿ,
ಎಣ್ಣೆಯ ಜೊತೆಗೇ ಇಳಿದು
ಕೆಳಗೆ ಜಾಲರಿಯನ್ನು ತಬ್ಬಿತ್ತು.
ಸಾವಕಾಶ ಓಡಿಸಿದಷ್ಟು ದಿನ ಹೇಗೋ ನಡೆಯಿತು;
ಜೋರಾಗಿ ಬಾಯಾರಿದಾಗ ದಾರಿ ಇರಲಿಲ್ಲ.

ಎಲ್ಲರೂ ಹಚ್ತಾರೆ ಅಂದ ಕ್ಲೆಮ್,
ಚಿಮಟದಲ್ಲಿ ಒಂದೊಂದೇ ಹೆಕ್ಕುತ್ತಾ.
ದುಡ್ಡು ಬೇಡ, ಆ ಕರ್ಜಿಕಾಯಿ ಅಂದೆಯಲ್ಲ, ಅದು ತಾ.

ಭಾನುವಾರ ಬನಿನ್ಯಾಂಗ್ ಹತ್ತಿದೆ,
ರಸ್ತೆಗಿಂತ ಹೆಚ್ಚು ಆ ಕತ್ತಲ ಗುಂಡಿಯನ್ನೇ ನೋಡುತ್ತಾ.
ಉರಿಯಲಿಲ್ಲ. ಮೇಲೆ ಹೋಗಿ ಚಹಾ ಕುಡಿದೆ.

ಮನೆಗೆ ಬಂದು ಬುಟ್ಟಿ ಮಗುಚಿ
ಹಳೇ ಸ್ವಿಚ್ಚನ್ನು ಹುಡುಕಿದೆ.
ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆ ಸುತ್ತಿ
ಡಿಕ್ಕಿಯಲ್ಲಿಟ್ಟಿದ್ದೇನೆ.