ಕ, ಆಮೇಲೆ ಸು

ಬಂದರಿನ ಗೋದಾಮುಗಳ ಹಿಂದೆ, ಒಣಮೆಣಸಿನ ಘಾಟು
ಫ್ಯಾನಿನ ಜೊತೆ ಸುತ್ತುವ ಎರಡನೇ ಮಾಳಿಗೆಯಲ್ಲಿ
ನನ್ನ ಕೆಲಸ: ತಲುಪದ ಕಾಗದಗಳನ್ನು ಓದುವುದು.
ಚಿತ್ರಗಳು ಬರುತ್ತವೆ ಕಡಲಾಚೆಯ ಒಂದು ಪತ್ರಾಗಾರದಿಂದ,
ಒಂದೊಂದೂ ಎಂಬತ್ತು ಎಂಬಿ.
ಮಧ್ಯಾಹ್ನ ಕರೆಂಟು ಹೋದರೆ ಅರ್ಧಕ್ಕೇ ನಿಂತು
ಹಡಗು ಮತ್ತೊಮ್ಮೆ ಸಿಕ್ಕಿಬೀಳುತ್ತದೆ.

ಮೊದಲ ಸಲ ಸಿಕ್ಕಿಬಿದ್ದದ್ದು ಇನ್ನೂರ ಎಪ್ಪತ್ತು ವರ್ಷದ ಹಿಂದೆ.
ಅಕ್ಕಿ ಹರಾಜಾಯಿತು, ಕರಿಮೆಣಸು ಹರಾಜಾಯಿತು,
ಹಾಯಿಬಟ್ಟೆ, ಹಗ್ಗ, ಹಿತ್ತಾಳೆಯ ಗಂಟೆ.
ಕಾಗದದ ಚೀಲ ಮಾತ್ರ, ಬೆಲೆ ಕಟ್ಟುವವರಿಲ್ಲದೆ,
ಕೋರ್ಟಿಗೆ ಹೋಯಿತು ಸಾಕ್ಷಿಯಾಗಿ:
ಸರಕು ಶತ್ರುವಿನದು ಹೌದೋ ಅಲ್ಲವೋ,
ಅಷ್ಟೇ ಅವರಿಗೆ ಬೇಕಿದ್ದದ್ದು.

"ಮಸ್ಕತ್ತಿನಲ್ಲಿ ಇರುವ ಈರ ಮರಕಾಲಗೆ
ಅಪ್ಪಿ ಹೇಳಿ ಬರೆಸಿದ್ದು. ಇತ್ತ ಎಲ್ಲ ಕ್ಷೇಮ."
ಎಲ್ಲ ಕ್ಷೇಮ ಎಂದ ಮೇಲೆಯೇ ಅಲ್ಲವೇ ಸುದ್ದಿ ಶುರುವಾಗುವುದು,
ಸೋರುವ ಮಾಡು, ಅಮ್ಮನ ಕೆಮ್ಮು,
ದೋಣಿಯ ಪಾಲಿಗೆ ಮಾವನ ಜಗಳ.
ಆಮೇಲೆ ಒಂದು ಸಾಲು:
"ಕ ಸು ಉಳಿಯಲಿಲ್ಲ."
ನಡುವೆ ತೂತು. ಸಾಸಿವೆಗಿಂತ ಚಿಕ್ಕದು.
ಯಾವುದೋ ಹುಳು, ಯಾವುದೋ ಚಳಿಯ ಊರಿನಲ್ಲಿ
ಇಳಿಯನ್ನೋ ಕೊಂಬನ್ನೋ ತಿಂದು ಮುಂದೆ ಹೋಗಿದೆ.

ಕಾಸು? ಕೂಸು?

ಭವಂತಿ ಬೀದಿಯ ವರದರಾಯ ಬಾಳಿಗರು
ನಲವತ್ತು ವರ್ಷ ಅಕ್ಕಿ ಮಂಡಿಯ ಲೆಕ್ಕ ಬರೆದವರು,
ಮೋಡಿ ಅಕ್ಷರವನ್ನು ಬಾಳೆಹಣ್ಣಿನಂತೆ ಸುಲಿಯುವವರು.
ಕನ್ನಡಕ ಹಣೆಗೇರಿಸಿ, ಮೂಗು ಕಾಗದಕ್ಕೆ ತಾಗಿಸಿ,
"ಕಾಸು" ಎಂದರು. "ಕಾಸು ಯಾರ ಮನೆಯಲ್ಲಿ ಉಳಿದದ್ದುಂಟು?"
ಕಾಫಿ ಮುಗಿಯುವ ಹೊತ್ತಿಗೆ ಗಂಟಲು ಸರಿಮಾಡಿಕೊಂಡು,
"ಮಾರಾಯ್ತಿ, ಮುಂದಿನ ಸಾಲು ಓದು."

ಮುಂದಿನ ಸಾಲು, ಉಪ್ಪುನೀರಿನ ಕಲೆಯ ಕೆಳಗೆ:
"ತೊಟ್ಟಿಲು ಕೊಟ್ಟು ಎರಡು ಮುಡಿ ಅಕ್ಕಿ ತಂದೆ."
ಸಿಕ್ಕಿತು ಎಂದು ಕೂಗಿದೆ ನಾನು.
ಏನು ಸಿಕ್ಕಿತು?
ಕಾಸಿಲ್ಲದವಳೂ ತೊಟ್ಟಿಲು ಮಾರಿಯಾಳು
ಕೂಸನ್ನು ಚಾಪೆಯ ಮೇಲೆ ಮಲಗಿಸಿ.

ಅವಳು ಹೇಳಿದ್ದಾದರೂ ತುಳುವಿನಲ್ಲಿ.
ಬಾಲೆ ಎಂದಿರಬೇಕು, ಇಲ್ಲವೇ ಪಣವು.
ಆ ಬಾಯಲ್ಲಿ ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ.
ಒಂದು ಕುಡ್ತೆ ಎಣ್ಣೆಗೆ ಕನ್ನಡದಲ್ಲಿ ಬರೆದುಕೊಟ್ಟವನು
ಅವನ್ನು ಅಕ್ಕಪಕ್ಕ ತಂದು ಕೂರಿಸಿದ.
ಉಳಿದದ್ದು ಹುಳು ನೋಡಿಕೊಂಡಿತು.

ಪತ್ರಾಗಾರಕ್ಕೆ ಬರೆದೆ: ಬೇರೆ ಬೆಳಕಿನಲ್ಲಿ ಇನ್ನೊಂದು ಚಿತ್ರ ಬೇಕು.
ಉತ್ತರ ಬಂತು, ಬಹಳ ವಿನಯದ್ದು:
ಕಾಗದವೇ ಇಲ್ಲದ ಕಡೆ ಯಾವ ಬೆಳಕೂ ಏನು ಮಾಡೀತು.
ಆದರೆ ಮಡಿಕೆ ಬಿಚ್ಚಿದಾಗ (ಬಿಚ್ಚಿದವರಲ್ಲಿ ನಾವೇ ಮೊದಲಿಗರು)
ಶಾಯಿ ಒಣಗಲು ಉದುರಿಸಿದ್ದ ಮರಳು ಸಿಕ್ಕಿದೆ.
ಪೊಟ್ಟಣ ಕಟ್ಟಿ ನಂಬರು ಹಾಕಿದ್ದೇವೆ. ಒಂದು ಚಿಟಿಕೆಯೂ ಇಲ್ಲ.

ನೇತ್ರಾವತಿಯದೇ ಇರಬೇಕು.
ಸಂಜೆ ಉಳ್ಳಾಲದ ಬಸ್ಸು ಸೇತುವೆಯ ಮೇಲೆ ನಿಂತಾಗ
ಮುಂದೊಂದು ಲಾರಿ, ಟಾರ್ಪಾಲಿನಡಿಯಿಂದ ನೀರು ತೊಟ್ಟಿಕ್ಕಿಸುತ್ತ,
ಪರ್ಮಿಟ್ ಇತ್ತೋ ಇಲ್ಲವೋ, ಅದನ್ನೇ ಹೇರಿಕೊಂಡು ಹೋಗುತ್ತಿತ್ತು.
ಮರಳು ಎಂಬುದಕ್ಕೆ ನಮ್ಮಲ್ಲಿ ಇನ್ನೊಂದು ಅರ್ಥವಿದೆ.
ಪೊಟ್ಟಣದ ಚೀಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಫಾರಮ್ಮಿನ ಚೌಕದಲ್ಲಿ ಒಂದೇ ಪದ ಹಿಡಿಸುತ್ತದೆ.
ಕಾಸು ಎಂದು ಹೊಡೆದೆ. ಅಳಿಸಿದೆ.
ಈರ ಮರಕಾಲನಿಗಂತೂ ಎರಡೂ ತಿಳಿಯಲಿಲ್ಲ,
ಆಚೆ ದಡದಲ್ಲಿ, ಅವನ ಪಾಲಿಗೆ, ಎಷ್ಟೋ ದಿನ
ಕಾಸೂ ಇತ್ತು, ಕೂಸೂ ಇತ್ತು.
ದೊಡ್ಡದಾಗಿ ಅಂಗಳದಲ್ಲಿ ಓಡಾಡಿಕೊಂಡೂ ಇದ್ದಿರಬಹುದು.

ರಾತ್ರಿ ಹತ್ತೂವರೆಗೆ ಬಾಳಿಗರ ಫೋನು.
"ಕೂಸು ಅಂತ ಬರೀಬೇಡ ಆಯ್ತಾ.
ನನಗೆ ನಿದ್ದೆ ಬರುವುದಿಲ್ಲ."
ಬರೆದಿಲ್ಲ ಎಂದೆ.
"ಮತ್ತೆ ಏನು ಬರೆದೆ?"
ಕ ಬರೆದಿದ್ದೇನೆ ಮಾಮ್.
ಆಮೇಲೆ ಸು.