ನೇರಳೆ ಗೂಡು

ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಹಿಂಬಾಗಿಲಲ್ಲಿ
ಒಂದು ತೂಕದ ಯಂತ್ರ, ಅದಕ್ಕೆ ಅಂಗೈಯಗಲ ತೆರೆ.
ಕರೆಂಟು ಬಂದಕೂಡಲೇ ಅಂಕಿಗಿಂತ ಮೊದಲು
ರೇಷ್ಮೆಗೂಡು ಮೂಡಬೇಕು. ಅದು ನನ್ನ ಕೆಲಸ.

ಚಿತ್ರಕ್ಕೇ ಬೇರೆ ಚಿಪ್ಪು.
ಓದಬಹುದು, ತಿದ್ದುವಂತಿಲ್ಲ:
ಎಂಟು ಸಾವಿರದ ನೂರ ತೊಂಬತ್ತೆರಡು ಬೈಟು,
ಕೆರೆ ಏರಿಯ ಶಾಸನದ ಕಲ್ಲಿನ ಹಾಗೆ.
ತೆರೆಯ ಹಿಂದಿನ ಫ್ರೇಮ್‌ಬಫರ್ ಮಾತ್ರ ಮರೆಗುಳಿ,
ಕರೆಂಟು ಹೋದರೆ ತನ್ನ ಹೆಸರೂ ನೆನಪಿಲ್ಲ.
ಅಲ್ಲಿಂದ ಇಲ್ಲಿಗೆ ಸಾಲುಸಾಲಾಗಿ ನಕಲಿಸುವುದು, ಅಷ್ಟೇ.

ಅಷ್ಟೇ ಅಂದೆನಲ್ಲ, ಮೊದಲ ದಿನ ಗೂಡೇ ಬಿಚ್ಚಿಹೋಯಿತು.
ಚಿತ್ರದ ಸಾಲು ಅರವತ್ತನಾಲ್ಕು ಚುಕ್ಕಿ,
ತೆರೆಯದು ಮುನ್ನೂರಿಪ್ಪತ್ತು;
ಮಿಕ್ಕಿದ್ದನ್ನು ದಾಟಿ ಕೆಳಗಿಳಿಯಬೇಕು ಅನ್ನೋದು ಮರೆತಿದ್ದೆ.
ತೆರೆಯ ನೆತ್ತಿಯಲ್ಲಿ ಹನ್ನೆರಡೂ ಚಿಲ್ಲರೆ ಗೆರೆ,
ಎಳೆಎಳೆಯಾಗಿ, ಅಡ್ಡಡ್ಡ.
"ಪರವಾಗಿಲ್ಲ ಕಣಮ್ಮ," ಅಂದರು ರೀಲರ್ ಖಲಂದರ್ ಸಾಬ್,
"ಬಾಣಲೆ ಇಲ್ಲ, ಬಿಸಿನೀರಿಲ್ಲ, ನೂಲು ತೆಗೆದುಬಿಟ್ಟೆಯಲ್ಲ!"

ಎರಡನೇ ದಿನ ಆಕಾರ ಸರಿ. ಬಣ್ಣ?
ಬೈಟಿನ ಜೋಡಿ ಹಿಂದುಮುಂದಾಗಿ
ಅರಿಸಿನ ಗೂಡು ಕಡು ನೇರಳೆ.
ಸೊಪ್ಪಿನ ಗುಣ, ಅಂದರು ಯಾರೋ,
ಹಿಪ್ಪುನೇರಳೆ ತಿಂದದ್ದು ಹೊರಗೆ ಬಂತು.
ಲಾಟಿನ ಮುಂದೆ ನಿಂತವರೆಲ್ಲ ನಕ್ಕರು.
ನಾನೂ ನಕ್ಕೆ, ಅರ್ಧ ಗಂಟೆ ತಡವಾಗಿ,
ತಪ್ಪು ಸಿಕ್ಕಿದ ಮೇಲೆ.

ಈಗ ಸರಿಯಿದೆ. ದಿನಕ್ಕೆ ಆರೇಳು ಸಲ ಕರೆಂಟು ಹೋಗುತ್ತದೆ,
ಆರೇಳು ಸಲವೂ ಅದೇ ಗೂಡು.
ಖಲಂದರ್ ಸಾಬರ ಬಾಣಲೆಯಲ್ಲಿ
ಒಂದು ಗೂಡಿಗೆ ಅರ್ಧ ಮೈಲಿ ಎಳೆ,
ಆಮೇಲೆ ಹುಳು, ಆಮೇಲೆ ಏನೂ ಇಲ್ಲ.
ನನ್ನದು ಎಷ್ಟು ಬಿಚ್ಚಿದರೂ ಸವೆಯದು.
ಹೆಮ್ಮೆ ಪಡಬೇಕೋ ಅನುಮಾನ ಪಡಬೇಕೋ ತಿಳಿಯದು.

ಮೊನ್ನೆ ಪಿಳ್ಳಾಂಜಿನಪ್ಪ ತೆರೆಗೆ ಮೂಗು ತಾಗಿಸಿ ನೋಡಿದ:
"ಇದು ಮಚ್ಚೆ ಗೂಡು. ಎಡಕ್ಕೆ, ಕೆಳಗೆ, ಕಂದು.
ಒಳಗೆ ಹುಳ ಸತ್ತೈತೆ.
ಇದನ್ನ ತೋರಿಸ್ತಾ ಇದ್ರೆ ನನ್ನ ಮಾಲಿಗೂ ರೇಟು ಬಿದ್ದೋಗ್ತೈತೆ."
ನಿಜ. ಫೋಟೋಕ್ಕೆಂದು ನಾನು ಎತ್ತಿಕೊಂಡದ್ದು
ಜಾಲರಿಯಿಂದ ಯಾರೋ ಆರಿಸಿ ಎಸೆದದ್ದು,
ಬಿಟ್ಟಿ ಸಿಕ್ಕಿದ್ದು.

ಮೂಲಕ್ಕೆ ಕೈ ಹಾಕುವಂತಿಲ್ಲ. ನಕಲಿಗೆ ಹಾಕಬಹುದು:
ಕೊನೆಯ ಸಾಲು ಇಳಿದೊಡನೆ
ಹನ್ನೊಂದು ಚುಕ್ಕಿಗೆ ಅರಿಸಿನ ಬಳಿದೆ.
ಕಲೆ ಹೋಯಿತು.

ಆದರೂ ಕರೆಂಟು ಬಂದಾಗಲೆಲ್ಲ,
ಬಳಿಯುವ ಮುಂಚಿನ ಅರೆರೆಪ್ಪೆ ಹೊತ್ತು,
ಅದು ಇಣುಕುತ್ತದೆ. ಯಾರಿಗೂ ಕಾಣದು.
ಪಿಳ್ಳಾಂಜಿನಪ್ಪ ಮಾತ್ರ, ಚೀಲದ ಮೇಲೆ ಕೂತಲ್ಲಿಂದಲೇ,
"ಬಂತು," ಅನ್ನುತ್ತಾನೆ.