ಜಲಪಾತದ ಅಧ್ಯಾಯ ಬಿಟ್ಟು

ಹೊಸಬರಾ? ಆರನೇ ಮಂಚಕ್ಕೆ ಇವತ್ತೇ ಮೊದಲಾ?
ಎಡಗೈ ಯಂತ್ರದ್ದು, ಅಲ್ಲಾಡಿಸಬೇಡಿ.
ಬಲಗೈ ನಿಮ್ಮದೇ, ಅದರಲ್ಲಿ ಪುಸ್ತಕ ಹಿಡಿಯಬಹುದು.
ನಾಲ್ಕು ಗಂಟೆ, ಬೋರಲಿಂಗಣ್ಣ
(ಚೀಟಿಯಲ್ಲಿ ಹೆಸರು ಓದಿದೆ, ತಪ್ಪು ತಿಳೀಬೇಡಿ),
ನಾಲ್ಕು ಗಂಟೆ ಅಂದರೆ ಹಾಸನ ಬಿಟ್ಟು
ಧರ್ಮಸ್ಥಳ ಮುಟ್ಟಿ ಕೈಕಾಲು ತೊಳೆಯುವ ಹೊತ್ತು.
ಫ್ಯಾನು ನೋಡಿ ಕಳೆಯುವುದಕ್ಕಾಗದು.
ನಾನು ನೋಡಿದ್ದೇನೆ, ಮೂರು ತಿಂಗಳು.

ಹಳೇ ಬಸ್ ಸ್ಟ್ಯಾಂಡಿನ ಹಿಂದೆ, ಗಡಿಯಾರ ರಿಪೇರಿಯವನ ಪಕ್ಕ
ಹತ್ತೊಂಬತ್ತು ವರ್ಷ ಬಾಡಿಗೆ ಪುಸ್ತಕದ ಅಂಗಡಿ ನನ್ನದು.
ದಿನಕ್ಕೆ ಎಂಟಾಣೆ, ಆಮೇಲಾಮೇಲೆ ಒಂದು ರೂಪಾಯಿ.
‘ಹಾಳೆ ಮಡಚಬೇಡಿ’ ಅಂತ ನೇರಳೆ ಶಾಯಿಯ ಸ್ಟ್ಯಾಂಪು.
ಮುಖ ನೋಡಿ ಪುಸ್ತಕ ಕೊಡುತ್ತಿದ್ದೆ.
ನಿಮ್ಮ ಮುಖಕ್ಕೆ... ತಡೀರಿ.

ನಗೆಬರಹ ಇವತ್ತು ಬೇಡ.
ನಕ್ಕರೆ ಸೂಜಿ ಕದಲುತ್ತದೆ, ಯಂತ್ರ ಕಿರುಚುತ್ತದೆ,
ಸಿಸ್ಟರ್ ಫಿಲೋಮಿನಾ ಓಡಿ ಬರುತ್ತಾರೆ.
ಹೋದ ಮಂಗಳವಾರ ಎರಡನೇ ಮಂಚದ ಮೇಷ್ಟ್ರು,
ಬೀಗರೂಟದಲ್ಲಿ ಹಲ್ಲುಸೆಟ್ಟು ಕಳಕೊಂಡ ಭಾವನ ಪ್ರಸಂಗಕ್ಕೆ
ಎರಡು ಸಲ ಅಲಾರಂ ಹೊಡೆಸಿದರು.
ಅದನ್ನು ಮನೆಗೆ ಕೊಡುತ್ತೇನೆ,
ಅಲ್ಲಿ ಎಷ್ಟು ಬೇಕಾದರೂ ಕುಲುಕಾಡಿ.

ಸಿನಿಮಾ ಹುಚ್ಚಿದೆಯಾ? ಹಾಗಾದರೆ ಇದು.
ರಟ್ಟು ಹೋಗಿದೆ, ರಟ್ಟಿನ ಜೊತೆ ಹೆಸರೂ ಹೋಗಿದೆ.
ಟೆಂಟಿನಲ್ಲಿ ರೀಲು ಬಿಡುತ್ತಿದ್ದವನೊಬ್ಬ ಬರೆದದ್ದು.
ಒಂದೇ ಪ್ರಿಂಟು, ಎರಡು ಟೆಂಟು:
ಚನ್ನರಾಯಪಟ್ಟಣದಲ್ಲೊಂದು, ಆಚೆ ಕೆರೆಯಂಗಳದಲ್ಲೊಂದು,
ನಡುವೆ ಸೈಕಲ್ಲಿನ ಹುಡುಗ.
ಟ್ಯೂಬು ಪಂಕ್ಚರಾದ ರಾತ್ರಿ
ಅಲ್ಲಿ ಸತ್ತು ಮಣ್ಣಾಗಿದ್ದ ನಾಯಕ
ಕ್ಯಾರಿಯರ್ ಮೇಲೆ ಕೂತು ಬಂದು ಇಲ್ಲಿ ತಾಳಿ ಕಟ್ಟಿದ.
ಮಧ್ಯೆ ಹದಿನಾರು ಪುಟ ಬರೀ ದೀಪದ ಕಾರ್ಬನ್ ಕಡ್ಡಿಯ ವಿಚಾರ,
ಹಾರಿಸಬೇಡಿ.
ಹೆಂಡತಿಗಿಂತ ಆ ಬೆಳಕನ್ನೇ ಅವನು ಚೆನ್ನಾಗಿ ನೋಡಿದ್ದ.

ಕಣ್ಣು ಸೋತರೆ ಈ ಇಯರ್‌ಫೋನು.
ಕ್ಯಾಸೆಟ್ಟಿನಿಂದ ತಂಗಿ ಮಗಳು ಫೋನಿಗೆ ಇಳಿಸಿಕೊಟ್ಟಳು.
ಸಕಲೇಶಪುರದ ಯಾವುದೋ ಹಾಲು, ಯಾರದ್ದೋ ಹಾಸ್ಯಭಾಷಣ.
ಭಾಷಣ ಅಷ್ಟಕ್ಕಷ್ಟೆ.
ಹನ್ನೊಂದನೇ ನಿಮಿಷಕ್ಕೆ ಕಾಯಿರಿ:
ಎಲ್ಲರೂ ನಕ್ಕು ಮುಗಿಸಿ ಕೆಮ್ಮಿ ಕೂತ ಮೇಲೆ
ಹಿಂದಿನ ಸಾಲಿನಲ್ಲಿ ಒಬ್ಬರಿಗೆ ಜೋಕು ತಲುಪುತ್ತದೆ,
ಕೊನೇ ಬಸ್ಸು ತಲುಪಿದ ಹಾಗೆ.
ಒಂಟಿ ನಗು. ಭಾಷಣಕಾರನೂ ಮಾತು ನಿಲ್ಲಿಸುತ್ತಾನೆ.
ಹೆಂಗಸೋ ಗಂಡಸೋ ಇವತ್ತಿಗೂ ನನಗೆ ತಿಳಿದಿಲ್ಲ.
ಮುಗುಳ್ನಗೆಯಾದರೆ ಸೂಜಿ ತಡೆಯುತ್ತದೆ.

ಪ್ರವಾಸ ಅಂದಿರಾ?
ನಮ್ಮ ರಕ್ತವೇ ಹೋಗಿ ಬರುತ್ತಿದೆ ನೋಡಿ, ಟಿಕೆಟ್ಟಿಲ್ಲದೆ.
ನಿಮ್ಮ ಮಗಳು ಹೇಳಿದರು, ಮೂವತ್ತೊಂದು ವರ್ಷ ಕಂಡಕ್ಟರು,
ಶಿರಾಡಿ ಇಳಿದದ್ದೂ ಹತ್ತಿದ್ದೂ ಲೆಕ್ಕವಿಲ್ಲ ಅಂತ.
ಬರೆದವರೆಲ್ಲ ಕಿಟಕಿ ಸೀಟಿನವರು,
ನಿಂತು ಹೋದವರಿಗೆ ಯಾರ ಪ್ರವಾಸ ಕೊಡಲಿ?
ಆದರೂ ಇಗೋ. ಈ ಮನುಷ್ಯ ಹಿಮಾಲಯಕ್ಕೆ ಹೊರಟು
ನಲವತ್ತು ಪುಟ ಅರಸೀಕೆರೆ ಜಂಕ್ಷನ್ನಿನಲ್ಲೇ ಇರುತ್ತಾನೆ.
ರೈಲು ಹೋಗಿದೆ, ಚಪ್ಪಲಿಯೂ ಹೋಗಿದೆ.
ಕಾಯುವುದನ್ನು ಇಷ್ಟು ರುಚಿಯಾಗಿ ಯಾರೂ ಬರೆದಿಲ್ಲ.

ಒಂದು ಮಾತು. ಏಳನೇ ಅಧ್ಯಾಯ ಜಲಪಾತ.
ಅದನ್ನು ಬಿಟ್ಟು ಓದಿ.
ದಿನಕ್ಕೆ ಮೂರು ಲೋಟ ನಮ್ಮ ಪಾಲು,
ಸಾರು, ಮಜ್ಜಿಗೆ, ಮಾತ್ರೆ ನುಂಗಿದ್ದು ಎಲ್ಲ ಸೇರಿ.
ಆ ಪಾಪಿ ಹದಿನಾಲ್ಕು ಪುಟ ಸುರಿಸುತ್ತಾನೆ,
ಬಂಡೆಯ ಮೇಲೆ ಬೋರಲು ಮಲಗಿ
ಹೊಳೆಗೇ ಬಾಯಿ ಹಚ್ಚುತ್ತಾನೆ.
ಓದಿದ ರಾತ್ರಿ ನಾನು ಎದ್ದು ಹೋಗಿ
ನಲ್ಲಿಯ ಮುಂದೆ ನಿಂತಿದ್ದೆ, ಸುಮ್ಮನೆ,
ಅಂಗಡಿ ಮುಚ್ಚಿದ ಮೇಲೆ ಬಾಗಿಲ ಮುಂದೆ ನಿಲ್ಲುತ್ತಿದ್ದ ಗಿರಾಕಿಯಂತೆ.

*

ಶುಕ್ರವಾರ ಬಂದರು. ತೂಕದ ಯಂತ್ರ ಹತ್ತಿದರು, ಇಳಿದರು.
ಸಿಸ್ಟರ್ ಅಂಕಿ ಬರೆದುಕೊಂಡು ಹುಬ್ಬು ಗಂಟಿಕ್ಕಿದರು.
ಪುಸ್ತಕ ವಾಪಸು ಕೊಟ್ಟರು, ಅಂಚಿನಲ್ಲಿ ಪೆನ್ಸಿಲು:
‘ಪುಟ ೬೨, ಬಸ್ ಚಾರ್ಜು ತಪ್ಪು. ಚಿಲ್ಲರೆ ತಾಳೆಯಾಗುವುದಿಲ್ಲ.’
ಸರಿ, ಕಂಡಕ್ಟರು.

ಆದರೆ ಒಂದು ಹಾಳೆ ಮಡಚಿದ್ದರು.
ಬಿಡಿಸಿದೆ. ಏಳನೇ ಅಧ್ಯಾಯ, ಬಂಡೆ, ಬೋರಲು ಮಲಗಿದ ಆಸಾಮಿ.
ನಾನು ಮುಖ ನೋಡಿದೆ.

‘ಒಂದೇ ಗುಟುಕು ಕಣಮ್ಮ’ ಅಂದರು,
ಬಲಗೈಯಿಂದ ಬಾಯಿ ಒರೆಸಿಕೊಂಡು.